ನಾವುಂದದ ಮನೆಯ ಐದನೆಯ ಹೆಸರು

ನಾವುಂದದ ಪದ್ದುವಿಗೆ ಕಂಪ್ಯೂಟರ್ ಹೇಳಿಕೊಟ್ಟವರು ಯಾರೂ ಇರಲಿಲ್ಲ. ಟೈಪಿಂಗ್ ಮಾತ್ರ ಕ್ಲಾಸಿನಲ್ಲಿ ಕಲಿತದ್ದು. ಅದೂ ಕೆಲಸದ ಆಸೆಯಿಂದಲ್ಲ. ೧೯೯೭ರ ಆಷಾಢದಲ್ಲಿ ಅವಳಿಗೆ ಚೊಚ್ಚಲ ಹೆರಿಗೆಯಾಯಿತು. ಹೆಣ್ಣು ಮಗು. ಬೆಳಗಿನ ದೀಪ ಹಚ್ಚುವ ಹೊತ್ತಿಗೆ ಹುಟ್ಟಿ, ಸಂಜೆಯ ದೀಪ ಹಚ್ಚುವ ಮೊದಲೇ ಹೋಗಿಬಿಟ್ಟಿತು. ಹೆಸರಿಡುವಷ್ಟು ಪುರುಸೊತ್ತನ್ನೂ ಕೊಡಲಿಲ್ಲ. ಗಂಡ ಕರಿಯನು ಬಟ್ಟೆಯ ಗಂಟನ್ನು ಎದೆಗವಚಿಕೊಂಡು ತೆಂಗಿನ ಬುಡಗಳ ಆಚೆ ಹೋದ, ಬಂದು ಕಾಲು ತೊಳೆದ. ಅವಳ ತಾಯಿ, ಬಾಗಿ ಎಂಬವಳು, ಮಗಳ ತಲೆ ಸವರಿ, "ಇದನ್ನ್ ಇಲ್ಲಿಗೇ ಬಿಡ್ ಮಗಾ. ಯಾರ ಹತ್ರೂ ಹೇಳುಕ್ ಹೋಪ್ದ್ ಬ್ಯಾಡ. ಲೆಕ್ಕಕ್ಕೂ ಹಿಡಿಬ್ಯಾಡ" ಎಂದಳು.

ಪದ್ದು ಹಿಡಿಯಲಿಲ್ಲ. ಆದರೆ ಮಗುವಿಲ್ಲದ ಬಾಣಂತಿತನ ಬಲು ಉದ್ದ. ಎದೆ ಕಟ್ಟಿ ನೋಯುವುದು, ಬೆಚ್ಚನೆಯ ಕೋಣೆ, ಕಷಾಯ, ಎಲ್ಲವೂ ಇತ್ತು. ಯಾತಕ್ಕಾಗಿ ಅವೆಲ್ಲ ಎಂಬುದು ಮಾತ್ರ ಇರಲಿಲ್ಲ. ನಲವತ್ತು ದಿನ ಕಳೆದ ಮರುದಿನವೇ ಅವಳು ಬಸ್ಸು ಹತ್ತಿ ಕುಂದಾಪುರಕ್ಕೆ ಹೋಗಿ, ಮಹಡಿಯ ಮೇಲಿನ ಟೈಪಿಂಗ್ ಕ್ಲಾಸಿಗೆ ಸೇರಿಕೊಂಡಳು. ಹತ್ತು ಯಂತ್ರಗಳ ಸದ್ದಿನ ನಡುವೆ ಕೂತರೆ ತನ್ನ ಒಳಗಿನದು ತನಗೇ ಕೇಳಿಸುತ್ತಿರಲಿಲ್ಲ. ಅಷ್ಟು ಸಾಕಾಗಿತ್ತು.

ವರ್ಷಗಳು ಕಳೆದಂತೆ ಟೈಪಿಂಗ್ ಯಂತ್ರಗಳು ಗುಜರಿಗೆ ಹೋದವು. ಕ್ಲಾಸಿನ ಯಜಮಾನರ ಮಗ ರಾಜೀವ ಅದೇ ಮಹಡಿಯಲ್ಲಿ ಕಂಪ್ಯೂಟರ್ ಸೆಂಟರ್ ತೆರೆದ. ಪದ್ದು ಬೇರೆಯವರ ಬೆನ್ನ ಹಿಂದೆ ನಿಂತು ನೋಡಿ, ಅವರು ಊಟಕ್ಕೆ ಎದ್ದಾಗ ಕೂತು ಕಲಿತಳು. ನಡುವೆ ಚಂದನಾ ಹುಟ್ಟಿದಳು, ಬೆಳೆದಳು, ಹೈಸ್ಕೂಲಿಗೆ ಹೋದಳು. ೨೦೧೫ರ ಹೊತ್ತಿಗೆ ರಾಜೀವನ ಸೆಂಟರಿನಲ್ಲಿ ಪದ್ದುವಿಗಿಂತ ಹಳೆಯ ಕೈ ಇನ್ನೊಂದಿರಲಿಲ್ಲ. ಅವಳ ಬೆರಳಿನಿಂದ ತಪ್ಪು ಬೀಳುವುದು ಅಪರೂಪ. ಬೆಳಿಗ್ಗೆ ಸ್ವಿಚ್ ಹಾಕುವ ಮೊದಲು ಕಣ್ಣು ಮುಚ್ಚಿ ಕೊಲ್ಲೂರಿನ ಅಮ್ಮನನ್ನು ನೆನೆಯುವುದು ಅವಳ ಕ್ರಮ.

ಪಕ್ಕದ ಎರಡನೇ ಮೆಷಿನ್ನಿನಲ್ಲಿ ಕೂರುವ ಚೇತನಾ ಎಂಬ ಹುಡುಗಿಗೆ ಅದೊಂದು ತಮಾಷೆ. "ಪದ್ದಕ್ಕ, ಕರೆಂಟ್ ಹೋಪ್ದ್ ಬ್ಯಾಡ ಅಂದ್ ಬೇಡ್ಕಂಬ್ದಾ? ನಂಗೂ ಸೇರ್ಸಿ ಬೇಡ್ಕಣಿ ಮರಾಯ್ತಿ, ನನ್ ಮೌಸ್ ಸತ್ತೇ ಹೋಯ್ತ್."

"ಬಾಯಿ ಮುಚ್ಚಿ ಕೂಕೊ ಹೆಣೆ," ಎಂದು ಪದ್ದು ನಗುತ್ತಿದ್ದಳು.

ಆ ವರ್ಷ ಮಳೆಗಾಲದ ಮೊದಲು ಮೀನುಗಾರರ ಸಂಘವೊಂದರ ಕೆಲಸ ಬಂತು. ಸಂಘದ ಜನ ಬೈಂದೂರಿನಿಂದ ಗಂಗೊಳ್ಳಿಯವರೆಗೆ ಮನೆಮನೆ ತಿರುಗಿ ಫಾರ್ಮ್ ತುಂಬಿಸಿದ್ದರು. ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಟ್ಟರೆ, ಬೋಟುಗಳು ಮತ್ತೆ ಕಡಲಿಗೆ ಇಳಿಯುವ ಮೊದಲು ಪ್ರತಿ ಮನೆಗೂ ಒಂದು ಕುಟುಂಬದ ಕಾರ್ಡು. ಪ್ರೋಗ್ರಾಮ್ ಬರೆದವನು ಬ್ರಹ್ಮಾವರದ ಯೋಗೀಶ್. ಅವನೇ ಬಂದು ಇಬ್ಬರು ಹೆಂಗಸರನ್ನೂ ಕೂರಿಸಿಕೊಂಡು ವಿವರಿಸಿದ.

"ಕಾಣಿ ಪದ್ದಕ್ಕ, ಇದ್ರಲ್ಲಿ ಎರಡ್ ಪುಟ. ಒಂದ್ ಕುಟುಂಬದ್ದ್, ಒಂದ್ ಜನರದ್ದ್. ಮೊದ್ಲ್ ಕುಟುಂಬ ಹಾಕಿ ಸೇವ್ ಮಾಡ್ಕ್. ಆಗ ಮೆಷಿನ್ನೇ ಆ ಮನಿಗೊಂದ್ ನಂಬರ್ ಕೊಡತ್ತ್. ಅದರ್ ಮೇಲೆ ಒಬ್ಬೊಬ್ಬರ್ನೇ ಹಾಕ್ತಾ ಹೋಯ್ನಿ. ಪ್ರತಿಯೊಬ್ಬರ ಬೆನ್ನಿಗೂ ಆ ಮನಿ ನಂಬರ್ ತನ್ನಷ್ಟಕ್ಕೇ ಅಂಟ್ಕಣತ್ತ್. ಯಾರ್ ಯಾರ ಮಕ್ಳ್ ಅಂದ್ ಮೆಷಿನ್ನಿಗೆ ಗೊತ್ತಾಪ್ದ್ ಆ ನಂಬರಿಂದ್ಲೇ."

"ಮನಿ ಹಾಕ್ದೇ ಮೊದ್ಲೇ ಮಗಿನ್ ಹಾಕ್ರೆ?" ಎಂದು ಚೇತನಾ ಕೇಳಿದಳು.

"ತಕಣ್ದಿಲ್ಲೆ. ಮನಿ ಇಲ್ದೆ ಮಗು ನಿಲ್ಲ."

ಪದ್ದು ಕೇಳಿದಳು, "ಮನಿ ಇತ್ತ್, ಮಗು ಹಾಕ್ಲಿಲ್ಲ ಅಂದ್ರೆ?"

"ಅದ್ ಅಡ್ಡಿಲ್ಲೆ. ಮನಿ ಖಾಲಿ ನಿಲ್ತ್, ಅಷ್ಟೇ. ಆದ್ರೆ ಮನಿ ಪುಟದಲ್ಲಿ ಒಟ್ಟ್ ಎಷ್ಟ್ ಜನ ಅಂದ್ ಬರೂಕಿತ್ತಲೆ, ಆ ಲೆಕ್ಕಕ್ಕೂ ಹಾಕಿದ ಹೆಸರಿಗೂ ತಾಳೆ ಆಯ್ಕ್. ಆಗ್ದಿದ್ರೆ ಕಡೀಕ್ ಪಟ್ಟೀಲಿ ತೋರ್ಸತ್ತ್."

ಕೆಲಸ ಶುರುವಾಯಿತು. ದಿನಕ್ಕೆ ನೂರು ಮನೆ, ಒಮ್ಮೊಮ್ಮೆ ನೂರಿಪ್ಪತ್ತು. ಪದ್ದುವಿಗೆ ಈ ಕೆಲಸದ ಕ್ರಮವೇ ಇಷ್ಟವಾಯಿತು. ಮೊದಲು ಮನೆ ಕಟ್ಟುವುದು, ಆಮೇಲೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಒಳಗೆ ಕರೆಯುವುದು. ಕಣ್ಣು ಕಾಗದದ ಮೇಲೆ, ಬೆರಳು ಕೀಲಿಯ ಮೇಲೆ. ಒಂದು ದಿನ ನಾವುಂದದ ಕಟ್ಟಿನಲ್ಲಿ ತನ್ನದೇ ಮನೆಯ ಫಾರ್ಮ್ ಬಂತು. ತನ್ನ ಹೆಸರನ್ನು ತಾನೇ ಹೊಡೆಯುವಾಗ ಅವಳಿಗೆ ಏನೋ ನಾಚಿಕೆ. ಚೇತನಾ ನೋಡಿಯಾಳೆಂದು ಬೇಗಬೇಗ ಮುಗಿಸಿ ಕಾಗದ ಮಗುಚಿ ಇಟ್ಟುಬಿಟ್ಟಳು. ಆದರೆ ಆ ದಿನ ಚೇತನಾಳ ಕುರ್ಚಿ ಖಾಲಿಯಾಗಿತ್ತೆಂಬುದು ಆಮೇಲೆ ನೆನಪಾಯಿತು.

ಆಷಾಢದ ಒಂದು ಬುಧವಾರ ಎಲ್ಲ ಫಾರ್ಮುಗಳೂ ಮುಗಿದವು. ರಾಜೀವ ತಾಳೆಯಾಗದ ಮನೆಗಳ ಪಟ್ಟಿ ತೆಗೆದು ಪದ್ದುವಿನ ಕೈಗೆ ಕೊಟ್ಟ. ಆರು ಸಾವಿರ ಮನೆಗಳಲ್ಲಿ ಇಪ್ಪತ್ತೆರಡು ಮನೆ ತಪ್ಪಿದ್ದವು. ಅವಳು ಒಂದೊಂದಾಗಿ ಕಾಗದ ಹುಡುಕಿ ತೆಗೆದು ಸರಿಪಡಿಸುತ್ತ ಬಂದಳು. ಹೆಚ್ಚಿನವು ಸಣ್ಣಪುಟ್ಟವು, ಕೂಸಿನ ಹೆಸರು ಬಿಟ್ಟುಹೋದದ್ದು, ಅಜ್ಜಿಯನ್ನು ಎರಡು ಸಲ ಹಾಕಿದ್ದು. ಕೊನೆಗೆ ಉಳಿದದ್ದು ಗಂಗೊಳ್ಳಿಯ ಸರೋಜ ಎಂಬವಳ ಮನೆ. ಹೇಳಿದ್ದು ಆರು ಜನ, ಇರುವುದು ಐದು.

ಕಾಗದದಲ್ಲಿ ಆರನೆಯ ಹೆಸರು ಸ್ಪಷ್ಟವಾಗಿತ್ತು. ರತೀಶ್. ಗಂಡು. ವಯಸ್ಸು ಇಪ್ಪತ್ತೊಂದು. ಓದು ಇಲ್ಲ. ಕೆಲಸ ಇಲ್ಲ. ಫೋಟೊ ಅಂಟಿಸುವ ಚೌಕ ಖಾಲಿ.

ಹಾಕಲು ಮರೆತದ್ದಿರಬೇಕು ಎಂದುಕೊಂಡು ಪದ್ದು ಆ ಹೆಸರನ್ನು ಹುಡುಕಿದಳು. ಮರೆತಿರಲಿಲ್ಲ. ರತೀಶ್ ಮೆಷಿನ್ನಿನ ಒಳಗೇ ಇದ್ದ, ಆದರೆ ಬೇರೆ ಮನೆಯಲ್ಲಿ. ಆ ಮನೆಯ ನಂಬರ್ ಒತ್ತಿದಳು. ಪರದೆಯ ಮೇಲೆ ಹೆಸರುಗಳು ಬಂದವು: ಕರಿಯ. ಪದ್ದು. ಚಂದನಾ. ಬಾಗಿ. ರತೀಶ್.

ಅವಳು ಕುರ್ಚಿಯನ್ನು ಹಿಂದೆ ತಳ್ಳಿದಳು. ತನ್ನ ಮನೆಯಲ್ಲಿ, ತನ್ನ ತಾಯಿಯ ಹೆಸರಿನ ಕೆಳಗೆ, ಕಂಡು ಕೇಳರಿಯದ ಒಬ್ಬ ಗಂಡುಮಗ ಕೂತಿದ್ದ. ಆದರೆ ಅವಳನ್ನು ಹೆಚ್ಚು ಕಾಡಿದ್ದು ಆ ಹೆಸರಲ್ಲ. ಅವನಿದ್ದೂ ತನ್ನ ಮನೆ ತಪ್ಪಿನ ಪಟ್ಟಿಗೆ ಬರಲಿಲ್ಲವಲ್ಲ? ಮನೆಯ ಪುಟ ತೆರೆದು ನೋಡಿದಳು. ಒಟ್ಟು ಜನ: ಐದು.

ಮಗುಚಿಟ್ಟಿದ್ದ ಕಾಗದ ಹುಡುಕಿ ತೆಗೆದಳು. ಅವಳು ಆತುರದಲ್ಲಿ ಗಮನಿಸದೆ ಹೊಡೆದಿದ್ದಳು, ಅದರಲ್ಲೂ ಐದು ಎಂದೇ ಇತ್ತು, ಸಂಘದ ಹುಡುಗನ ದುಂಡನೆಯ ಅಕ್ಷರದಲ್ಲಿ. ಕೆಳಗೆ ಹೆಸರು ನಾಲ್ಕೇ. ಐದನೆಯ ಸಾಲಿನಲ್ಲಿ ಸಂಖ್ಯೆ ಹಾಕಿ, ಮುಂದೆ ಏನೂ ಬರೆಯದೆ ಬಿಟ್ಟಿದ್ದ.

ಮರುದಿನ ಯೋಗೀಶ್ ಬ್ರಹ್ಮಾವರದಿಂದ ಬಂದು ನೋಡಿ ತಲೆ ಕೆರೆದುಕೊಂಡ. "ಇದ್ ನನ್ನದೇ ತಪ್ಪ್ ಪದ್ದಕ್ಕ. ಒಬ್ಬೊಬ್ಬರ್ನ ಹಾಕುವಾಗ್ಲೂ ನಾನ್ 'ಕಡೀಕ್ ಕಟ್ಟಿದ್ ಮನಿ ಯಾವ್ದ್' ಅಂದ್ ಮೆಷಿನ್ನಿನ್ ಕೇಂತಿದ್ದೆ. ಒಂದೇ ಮೆಷಿನ್ ಆರೆ ಅಡ್ಡಿಲ್ಲೆ. ಎರಡ್ ಮೆಷಿನ್ ಒಟ್ಟಿಗ್ ನಡೆದ್ರೆ? ಚೇತನಾ ಆ ಗಂಗೊಳ್ಳಿ ಮನಿ ಜನರ್ನ ಹಾಕ್ತಾ ಇಪ್ಪತಿಗೆ, ಆರನೆಯವನ ಮೊದ್ಲ್ ನೀವ್ ನಿಮ್ಮನಿ ಸೇವ್ ಮಾಡಿರಿ. ಕಡೀಕ್ ಕಟ್ಟಿದ್ ಮನಿ ನಿಮ್ದಾಯ್ತ್. ಅವ ನಿಮ್ಮಲ್ಲಿಗ್ ಬಂದ. ಒಂದೇ ಗಳ್ಗಿ ವ್ಯತ್ಯಾಸ."

ಚೇತನಾ ತಿರುಗಿ ಕೂತಳು. "ಯಾವ ದಿನ ಅದ್?"

ಯೋಗೀಶ್ ತಾರೀಕು ಓದಿದ.

"ನಾನ್ ಆ ದಿನ ಇಲ್ಲಿ ಇಲ್ಲೆ ಮರ್ರೆ! ಅಕ್ಕನ ಸೀಮಂತ, ನಿಮ್ ಬ್ರಹ್ಮಾವರದಲ್ಲೇ ಇದ್ದಿದ್ದೆ. ಊಟಕ್ಕೆ ಎರಡ್ ಪಾಯಸ. ಬೇಕಾರೆ ಹಾಜ್ರಿ ಪುಸ್ತಕ ಕಾಣಿ."

ರಾಜೀವ ಹಾಜರಿ ಪುಸ್ತಕ ತೆಗೆದ. ಹೌದು, ರಜೆ. ಆದರೂ ಸರೋಜಳ ಮನೆಯ ಎಲ್ಲ ಸಾಲುಗಳ ಮುಂದೆಯೂ ಎರಡನೇ ಮೆಷಿನ್ನಿನ ಗುರುತಿತ್ತು. ಯೋಗೀಶ್ ಅತ್ತಿತ್ತ ನೋಡಿ, "ಆ ಮೆಷಿನ್ನಿನ ಗಡಿಯಾರ ಹಾಳಾಯಿರ್ಕ್. ಒಳಗಿನ ಬ್ಯಾಟರಿ ಹೋರೆ ತಾರೀಕ್ ಹ್ಯಾಂಗ್ಯಾಂಗೋ ತೋರ್ಸತ್ತ್" ಎಂದ. ಪ್ರೋಗ್ರಾಮ್ ಸರಿಪಡಿಸಿ ಕೊಟ್ಟು ಮಧ್ಯಾಹ್ನದ ಬಸ್ಸಿಗೇ ಹೊರಟುಹೋದ. ಚೇತನಾ ಸಂಜೆಯವರೆಗೆ ತನ್ನ ಮೆಷಿನ್ನಿನ ಮುಂದೆ ಕೂರಲಿಲ್ಲ. ಫಾರ್ಮುಗಳನ್ನು ಕಟ್ಟು ಕಟ್ಟುವ ಕೆಲಸ ಹಿಡಿದುಕೊಂಡಳು.

ಪದ್ದು ರತೀಶನ ನಂಬರ್ ಬದಲಿಸಿ ಅವನನ್ನು ಗಂಗೊಳ್ಳಿಯ ಮನೆಗೆ ಕಳಿಸಿದಳು. ಪಟ್ಟಿ ಮತ್ತೆ ತೆಗೆದಳು. ಸರೋಜಳ ಮನೆ ಸರಿಹೋಗಿತ್ತು. ಈಗ ಪಟ್ಟಿಯಲ್ಲಿ ಒಂದೇ ಮನೆ: ಅವಳದು. ಹೇಳಿದ್ದು ಐದು, ಇರುವುದು ನಾಲ್ಕು.

ರಾಜೀವ ಬೆನ್ನ ಹಿಂದಿನಿಂದ ಬಗ್ಗಿ ನೋಡಿದ. "ನಿಮ್ದೇ ಮನಿ ಅಲ್ದಾ? ಒಳ್ಳೇದಾಯ್ತ್, ಯಾರ್ನೂ ಕೇಂಬ ಕೆಲ್ಸ ಇಲ್ಲೆ. ಐದ್ ತೆಗ್ದ್ ನಾಲ್ಕ್ ಮಾಡಿ ಮುಗ್ಸಿ ಪದ್ದಕ್ಕ. ಸಂಘದವ್ರ್ ದಿನಾ ಫೋನ್ ಮಾಡ್ತ್ರ್."

ಪದ್ದು ಬಾಣದ ಗುರುತನ್ನು ಆ ಐದರ ಪಕ್ಕಕ್ಕೆ ತಂದಳು. ಒಂದು ಕೀಲಿ ಒತ್ತಿದರೆ ಐದು ಹೋಗುತ್ತದೆ, ಇನ್ನೊಂದು ಒತ್ತಿದರೆ ನಾಲ್ಕು ಬರುತ್ತದೆ. ಹದಿನೆಂಟು ವರ್ಷಗಳಲ್ಲಿ ಇಂಥದನ್ನು ಎಷ್ಟು ಸಾವಿರ ಸಲ ಮಾಡಿಲ್ಲ ಅವಳು? ಆದರೆ ಬೆರಳು ಇಳಿಯಲಿಲ್ಲ. ಯಾರೋ ತನ್ನ ಮಗುವನ್ನು ಲೆಕ್ಕಕ್ಕೆ ಹಿಡಿದಿದ್ದಾರೆ. ಈಗ ಹೆತ್ತ ತಾನೇ ತನ್ನ ಕೈಯಾರೆ ತೆಗೆಯಬೇಕು. ಐದನೆಯ ಹೆಸರು ಸೇರಿಸೋಣವೆಂದರೆ ಇಡೀ ಜೀವನದಲ್ಲಿ ಸುಳ್ಳೊಂದನ್ನು ಟೈಪ್ ಮಾಡಿದವಳಲ್ಲ. ಮೇಲಾಗಿ ಟೈಪ್ ಮಾಡಲು ಹೆಸರಾದರೂ ಎಲ್ಲಿತ್ತು?

"ಮನಿಲಿ ಕೇಂಡ್ಕಂಡ್ ಬತ್ತೆ ರಾಜೀವಣ್ಣ," ಎಂದು ಎದ್ದಳು.

"ನಿಮ್ಮನಿಲಿ ಎಷ್ಟ್ ಜನ ಅಂದ್ ನಿಮ್ಗೇ ಗೊತ್ತಿಲ್ಯಾ?" ಎಂದು ರಾಜೀವ ನಕ್ಕ. ಪದ್ದು ಚೀಲ ಎತ್ತಿಕೊಂಡು ಹೊರಟಳು.

ಮನೆಯಲ್ಲಿ ಕರಿಯ ಜಗಲಿಯ ಮೇಲೆ ಬಲೆ ಹೊಲಿಯುತ್ತಿದ್ದ. ಬೋಟು ಇಳಿಯದ ತಿಂಗಳುಗಳಲ್ಲಿ ಅವನ ಕೆಲಸವೇ ಅದು. ಚಂದನಾ ಇನ್ನೂ ಶಾಲೆಯಿಂದ ಬಂದಿರಲಿಲ್ಲ. ಬಾಗಿ ಒಳಗೆ ಅಕ್ಕಿಯಲ್ಲಿ ಕಲ್ಲು ಹೆಕ್ಕುತ್ತಿದ್ದಳು. ಪದ್ದು ತಾಯಿಯ ಎದುರು ಕೂತಳು.

"ಅಬ್ಬಿ, ಸಂಘದ ಹುಡ್ಗ ಬಂದಾಗ ನೀನೊಬ್ಬಳೇ ಇದ್ದಿದ್ಯಾ?"

"ಹ್ಞೂಂ."

"ಎಷ್ಟ್ ಜನ ಅಂದ್ ಹೇಳಿದ್ದೆ?"

ಬಾಗಿಯ ಬೆರಳು ಅಕ್ಕಿಯಲ್ಲೇ ನಿಂತಿತು. ಮೊರವನ್ನು ಮೆಲ್ಲನೆ ಕೆಳಗಿಟ್ಟಳು. "ಐದ್ ಅಂದೆ."

"ನೀನೇ ಅಲ್ದಾ ಲೆಕ್ಕಕ್ಕೆ ಹಿಡಿಬ್ಯಾಡ ಅಂದದ್ದ್?"

"ನಿಂಗ್ ಹೇಳ್ದೆ. ನಾನ್ ಹಿಡಿಲಿಲ್ಲ ಅಂದ್ ಯಾರ್ ಅಂದ್ರ್?" ಬಾಗಿ ತಲೆಯೆತ್ತಲಿಲ್ಲ. "ಅದ್ನ ನನ್ ಅಬ್ಬಿ ಹೆಸ್ರಲ್ಲೇ ಕರಿತೆ, ಸುಂದರಿ ಅಂದೇಳಿ. ನಮ್ ಬಳಿಯ, ನಮ್ ಕುಲದ ಹೆಣ್ಣಲ್ದಾ ಅದ್? ನಿನ್ ಹೊಟ್ಟೇಲ್ ಬಂದದ್ದ್ ನನ್ ಮನಿದಲ್ದೆ ಯಾರ ಮನಿದ್? ಚಂದನಾಂಗೆ ಒಂದ್ ಲಂಗ ತಂದ್ರೆ ಇದ್ಕೂ ಒಂದ್ ತುಂಡ್ ಬಟ್ಟಿ ಎತ್ತಿ ಇಡ್ತೆ. ಈ ವರ್ಷ ಅದ್ಕೆ ಸೀರಿ ಬೇಕಂಬ್ರ್."

"ಯಾರ್ ಅಂಬ್ರ್?"

ಬಾಗಿ ಮೊರವನ್ನು ಮತ್ತೆ ಹತ್ತಿರ ಎಳೆದುಕೊಂಡಳು. ಮಾತು ಬೇರೆ ಕಡೆಗೆ ತಿರುಗಿಸಿದಳು. "ಲೆಕ್ಕಕ್ಕೆ ಐದನೆಯವನಾಯಿ ಒಬ್ಬ ಸೇರ್ಕಂಡಿದ್ದ ಅಂದ್ಯಲೆ ಅಳಿಯನ ಹತ್ರ, ಯಾರ್ ಅವ?"

ಪದ್ದು ಬೆಚ್ಚಿದಳು. ಕರಿಯನ ಹತ್ತಿರ ಅವಳು ಇನ್ನೂ ಏನನ್ನೂ ಹೇಳಿರಲಿಲ್ಲ. ಜಗಲಿಯ ಕಡೆ ತಿರುಗಿ ನೋಡಿದಳು. ಕರಿಯನೂ ಸೂಜಿ ಕೈಯಲ್ಲಿ ಹಿಡಿದು ಇವರತ್ತಲೇ ನೋಡುತ್ತಿದ್ದ. ಪದ್ದು ಮೆಲ್ಲನೆ ಎಲ್ಲವನ್ನೂ ಹೇಳಿದಳು: ಗಂಗೊಳ್ಳಿಯ ಮನೆ, ಇಪ್ಪತ್ತೊಂದು ವರ್ಷದ ರತೀಶ್, ಖಾಲಿ ಫೋಟೊ.

"ಹೋಯಿ ಕಂಡ್ಕಂಡ್ ಬಾ," ಎಂದಳು ಬಾಗಿ.

ಮರುದಿನ ಪದ್ದು ಸೆಂಟರಿಗೆ ಹೋಗಲಿಲ್ಲ. ತ್ರಾಸಿಯಲ್ಲಿ ಇಳಿದು ಗಂಗೊಳ್ಳಿಯ ಬಸ್ಸು ಹಿಡಿದಳು. ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು, ಟಾರ್ಪಾಲು ಹೊದ್ದು ನಿಂತಿದ್ದವು. ಐಸ್ ಫ್ಯಾಕ್ಟರಿಯ ಬಾಗಿಲು ಮುಚ್ಚಿತ್ತು. ಕೇಳುತ್ತ ಹೋದರೆ ಸರೋಜಳ ಮನೆ, ಹೊಳೆ ಕಡಲು ಸೇರುವ ಅಳಿವೆಯ ಬದಿಯ ಓಣಿಯಲ್ಲಿ ಸಿಕ್ಕಿತು. ಐವತ್ತರ ಹತ್ತಿರದ ಹೆಂಗಸು. ಅಂಗಳದಲ್ಲಿ ಒಣಮೀನಿನ ಬುಟ್ಟಿಯನ್ನು ಮಳೆ ತಾಗದಂತೆ ಒಳಗೆ ಎಳೆಯುತ್ತಿದ್ದಳು.

"ಹ್ವಾಯ್, ಯಾರದ್? ಒಳ್ಗ್ ಬನಿ, ಒದ್ದಿಯಾತ್ರಿ."

ಪದ್ದು ತಾನು ಕಂಪ್ಯೂಟರ್ ಸೆಂಟರಿನಿಂದ ಬಂದವಳು, ಫಾರ್ಮಿನಲ್ಲಿ ಒಂದು ವಿಷಯ ಕೇಳುವುದಿದೆ ಎಂದಳು. ಸರೋಜ ಮಣೆ ಹಾಕಿ, ಬೆಲ್ಲ ನೀರು ಕೊಟ್ಟಳು.

"ನಿಮ್ ಮಗ ರತೀಶನದ್ದ್ ಫೋಟೊ ಇಲ್ಲೆ ಸರೋಜಕ್ಕ. ಎಲ್ಲಿದ್ದ ಅವ?"

"ಆ ಹುಡ್ಗನೂ ಅದನ್ನೇ ಕೇಂಡ. 'ಇಲ್ಲೇ ಇದ್ದ, ಕಾಂಬುಕ್ ಸಿಕ್ಕ' ಅಂದೆ. ಬೊಂಬಾಯಿ ಹೋಟ್ಲಲ್ಲಿ ಇಪ್ಪ ಅಂದ್ಕಂಡ ಕಾಂತ್, ಬರ್ಕಂಡ್ ಹೋದ." ಸರೋಜ ನಕ್ಕಳು, ಆ ನಗೆಯಲ್ಲಿ ಕೊಂಕಿರಲಿಲ್ಲ. "ಐದ್ ತಿಂಗ್ಳ್ ಕೂಸ್ ಇಪ್ಪತಿಗೇ ತೀರಿ ಹೋದ ಅವ. ಜ್ವರ. ಬದ್ಕಿದ್ರೆ ಈಗ ಇಪ್ಪತ್ತೊಂದ್. ಹಾಂಗಂದ್ ಮನಿಲ್ ಇಲ್ಲ ಅಂಬುಕಾತ್ತಾ? ತಂಗಿಗೆ ಎರಡ್ ಸಂಬಂಧ ಬಂದದ್ದ್ ಬಾಗ್ಲ ತನಕ ಬಂದ್ ತಿರ್ಗಿ ಹೋಯ್ತ್. ಪ್ರಶ್ನಿ ಕೇಂಡಲ್ಲೆಲ್ಲ ಒಂದೇ ಮಾತ್. ದೊಡ್ಡವ್ನಿಗ್ ಮದಿ ಆಯ್ಲಿಲ್ಲ, ಅವ್ನಿಗೊಂದ್ ಹೆಣ್ಣ್ ಕಾಣಿ ಅಂದೇಳಿ. ಸತ್ತವ್ನಿಗೆ ಸತ್ತ ಹೆಣ್ಣೇ ಆಯ್ಕಲೆ? ಮೂರ್ ವರ್ಷದಿಂದ ನಾವ್ ಹುಡ್ಕತಿತ್ತ್. ಸರಿಯಾದ್ ಬಳಿ ಸಿಕ್ರೆ ವಯಸ್ಸ್ ಸಿಕ್ಕುದಿಲ್ಲೆ."

ಪದ್ದುವಿಗೆ ಇದು ಹೊಸ ಮಾತೇನೂ ಅಲ್ಲ. ಸಣ್ಣದರಲ್ಲಿ ತೀರಿಹೋದ ಮಕ್ಕಳು ಮನೆಯ ಒಳಗೇ ಬೆಳೆಯುತ್ತವೆ, ವಯಸ್ಸಿಗೆ ಬಂದಾಗ ಮದುವೆ ಬಯಸುತ್ತವೆ, ಆಷಾಢದಲ್ಲಿ ಎರಡು ಮನೆಯವರು ಸೇರಿ ಅದನ್ನು ನಡೆಸಿಕೊಡಬೇಕು ಎಂಬುದನ್ನು ಅವಳು ಚಿಕ್ಕಂದಿನಿಂದ ಕೇಳಿದ್ದಳು. ಯಾರದೋ ಮನೆಯ ವಿಷಯವಾಗಿ ಕೇಳಿದ್ದಳು, ಅಷ್ಟೇ.

"ಅವ ತಪ್ಪಿ ಬೇರೆ ಮನಿಗ್ ಸೇರ್ಕಂಡಿದ್ದ ಕಂಪ್ಯೂಟರಲ್ಲಿ. ಅದ್ಕೆ ಬಂದೆ," ಎಂದಳು.

"ಯಾರ ಮನಿಗ್?"

"ನಮ್ಮನಿಗೆ."

ಸರೋಜ ಬುಟ್ಟಿ ಬಿಟ್ಟು ಬಂದು ಅವಳ ಎದುರು ಕುಕ್ಕುರುಗಾಲಲ್ಲಿ ಕೂತಳು. ಬಹಳ ಹೊತ್ತು ಅವಳ ಮುಖವನ್ನೇ ನೋಡಿದಳು. ಹೊರಗೆ ಅಳಿವೆಯ ಬಾಯಲ್ಲಿ ನೀರು ಮೊರೆಯುತ್ತಿತ್ತು.

"ನಮ್ ಗಂಡ್ ಸುಮ್ಸುಮ್ನೆ ಮತ್ತೊಬ್ರ ಮನಿ ಒಳ್ಗ್ ಹೋಪವನಲ್ಲ. ನಿಮ್ಮಲ್ಲಿ ಹೆಣ್ಣ್ ಇತ್ತ್. ಎಷ್ಟ್ ವರ್ಷ ಅದ್ಕೆ?"

ಮಗುವಿನ ಸುದ್ದಿಯನ್ನು ಪದ್ದು ಎತ್ತಿರಲಿಲ್ಲ. ಎತ್ತಬಾರದೆಂದು ಬಸ್ಸಿನಲ್ಲಿ ಕೂತೇ ತೀರ್ಮಾನಿಸಿದ್ದಳು. ಆದರೆ ನಾಲಗೆ ತನ್ನಷ್ಟಕ್ಕೆ ಹೊರಳಿತು. "ಹದಿನೆಂಟ್."

"ಹೆಸ್ರ್?"

"ಸುಂದರಿ."

ಆ ಹೆಸರನ್ನು ತನ್ನ ಬಾಯಿಂದ ಅವಳು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಒಳಕೋಣೆಯಲ್ಲಿ ಯಾರೋ ಮಗ್ಗುಲು ಬದಲಿಸಿದ ಹಾಗೆ ಚಾಪೆ ಸರಿದ ಸದ್ದಾಯಿತು. ಪದ್ದು ಅತ್ತ ನೋಡಿದಳು. "ಅತ್ತೆ ಇರ್ಕ್ ಒಳ್ಗೆ," ಎಂದಳು ಸರೋಜ. ಆಮೇಲೆ ನೆನಪು ಮಾಡಿಕೊಂಡವಳಂತೆ, "ಇಲ್ಲ, ಅತ್ತೆ ಬೆಳಿಗ್ಗೆಯೇ ಮಗ್ಳ ಮನಿಗ್ ಹೋಯ್ದ್ರ್" ಎಂದು ಮೆಲ್ಲನೆ ಹೇಳಿ, ಎದ್ದು ಹೋಗಿ ಕೋಣೆಯ ಬಾಗಿಲು ಅರ್ಧ ಎಳೆದು ಬಂದಳು. ಹೆದರಿದಂತೆ ಕಾಣಲಿಲ್ಲ. ಮನೆಯಲ್ಲಿ ಮಲಗಿದವರಿಗೆ ಮಾತು ಕೇಳಬಾರದೆಂದು ಮಾಡಿದ ಹಾಗಿತ್ತು.

ನಿಮ್ಮ ಬಳಿ ಯಾವುದು, ನಮ್ಮದು ಯಾವುದು ಎಂದು ಇಬ್ಬರೂ ವಿಚಾರಿಸಿಕೊಂಡರು. ಬಳಿ ಬೇರೆಬೇರೆ, ಸಂಬಂಧಕ್ಕೆ ಅಡ್ಡಿ ಇರಲಿಲ್ಲ.

ಆ ಸಂಜೆ ಪದ್ದು ಗಂಡನ ಪಕ್ಕ ಕೂತು ಹೇಳಿದಳು. ಮಗಳ ಬಗ್ಗೆ ಅವರಿಬ್ಬರ ನಡುವೆ ಹದಿನೆಂಟು ವರ್ಷ ಒಂದು ಮಾತೂ ಹೋಗಿ ಬಂದಿರಲಿಲ್ಲ. ಕರಿಯ ಬಲೆಯ ಕಣ್ಣುಗಳನ್ನು ಬೆರಳಿನಿಂದ ಎಣಿಸುತ್ತ ಕೇಳಿದ. ಎಣಿಸಿ ಮುಗಿದ ಮೇಲೂ ಕೈ ತೆಗೆಯಲಿಲ್ಲ.

"ಮನಿ ಹ್ಯಾಂಗಿತ್ತ್?"

"ಒಳ್ಳೇದಿತ್ತ್. ಅಬ್ಬಿಗೆ ಮಗನ ಮೇಲೆ ಪ್ರೀತಿ ಇತ್ತ್."

"ಗಂಗೊಳ್ಳಿ ದೂರ ಇಲ್ಲೆ," ಎಂದ ಕರಿಯ. ಬಲೆ ಬದಿಗಿಟ್ಟ. "ಕೊಡುವ."

ರಾಜೀವನ ಹತ್ತಿರ ಪದ್ದು ಹತ್ತು ದಿನದ ಸಮಯ ಕೇಳಿದಳು. ಒಂದು ಮನೆಗಾಗಿ ಆರು ಸಾವಿರ ಮನೆ ಕಾಯಬೇಕೇ ಎಂದು ಅವನು ರೇಗಿದ. ಮತ್ತೆ ಅವಳ ಮುಖ ನೋಡಿ, ಪ್ರಿಂಟರ್ ಕೆಟ್ಟಿದೆಯೆಂದು ಸಂಘದವರಿಗೆ ಹೇಳಿದ.

ಆಷಾಢ ಮುಗಿಯುವ ಮುಂಚಿನ ಗುರುವಾರ ಗಂಗೊಳ್ಳಿಯಲ್ಲಿ ಮದುವೆಯಾಯಿತು. ಮದುವೆಯಾಗದ ಹೆಣ್ಣುಮಕ್ಕಳು ನೋಡುವಂತಿಲ್ಲವೆಂದು ಚಂದನಾಳನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದರು. ವಾಲಗವಿಲ್ಲ, ಪುರೋಹಿತರಿಲ್ಲ. ಸರೋಜಳ ಮನೆಯ ಚಾವಡಿಯಲ್ಲಿ ಎರಡು ಮಣೆ. ಒಂದರ ಮೇಲೆ ಹೊಸ ಅಂಗಿ, ಪಂಚೆ. ಇನ್ನೊಂದರ ಮೇಲೆ ಬಾಗಿ ತಾನೇ ಅಂಗಡಿಗೆ ಹೋಗಿ ಆರಿಸಿ ತಂದ ಕೆಂಪು ಅಂಚಿನ ಹಸಿರು ಸೀರೆ, ಬಳೆ, ಹೂವು. ಪದ್ದು ಅದರ ಮಡಿಕೆ ಸರಿಪಡಿಸುವ ನೆಪದಲ್ಲಿ ಬಾರಿಬಾರಿಗೂ ಮುಟ್ಟಿದಳು. ಸರೋಜಳ ಅಣ್ಣ ಹಿರಿಯನಾಗಿ ನಿಂತು, ಎರಡೂ ಮನೆಯ ಹೆಸರು ಹೇಳಿ ಕೂಗಿ ಕರೆದ. ಈ ಮಣೆಯ ಹೂವನ್ನು ಆ ಮಣೆಗೆ, ಆ ಮಣೆಯದನ್ನು ಈ ಮಣೆಗೆ ಬದಲಿಸಿದ. ಕರಿಮಣಿಯನ್ನು ಸೀರೆಯ ಮೇಲೆ ಇರಿಸಿದ.

ಆಮೇಲೆ ಹೆಣ್ಣನ್ನು ಒಳಗೆ ಕರೆದುಕೊಂಡು ಹೋಗಬೇಕು. ತಂದೆ ಎತ್ತಿ ಕೊಡಬೇಕೆಂದರು. ಒಂದು ಸೀರೆ, ಒಂದು ಡಜನ್ ಬಳೆ; ಭಾರ ಎಷ್ಟಿದ್ದೀತು? ಬಲೆ ಎಳೆದು ಹುರಿಗಟ್ಟಿದ ತೋಳು ಕರಿಯನದು. ಬಗ್ಗಿ ಮಣೆಗೆ ಕೈ ಹಾಕಿದವನು ಅರ್ಧ ಎತ್ತಿ ನಿಂತುಬಿಟ್ಟ. ಅವನ ಕತ್ತಿನ ನರ ಉಬ್ಬಿತು. ಸರೋಜಳ ಗಂಡ ಮುಂದೆ ಬಂದು ಇನ್ನೊಂದು ಬದಿ ಹಿಡಿದ. ಹದಿನೆಂಟು ವರ್ಷದ ಹುಡುಗಿಯನ್ನು ಹೊತ್ತವರಂತೆ ಇಬ್ಬರು ಗಂಡಸರೂ ಹೆಜ್ಜೆ ಇಟ್ಟು ಇಟ್ಟು ಒಳಕೋಣೆಯ ಹೊಸ್ತಿಲು ದಾಟಿದರು. ಬಾಗಿ ಸೆರಗು ಬಾಯಿಗೆ ಒತ್ತಿ ಅತ್ತಳು. ಮಗಳನ್ನು ಕಳಿಸಿಕೊಡುವ ಎಲ್ಲ ಮನೆಯಲ್ಲೂ ಅಳುವ ಅಳುವೇ ಅದು. ಪದ್ದು ಸರೋಜಳ ಕೈ ಹಿಡಿದು, "ಅದ್ಕೆ ಏನೂ ಗೊತ್ತಿಲ್ಲೆ ಅಕ್ಕ. ನೀವೇ ಹೇಳ್ಕೊಡ್ಕ್" ಎಂದಳು.

"ನನ್ ಸೊಸಿ ಅಲ್ದಾ ಈಗ," ಎಂದಳು ಸರೋಜ.

ಊಟ ಮುಗಿದು ಹೊರಡುವಾಗ ಪದ್ದು ಕಾರ್ಡಿನ ವಿಷಯ ಎತ್ತಿದಳು. ತೀರಿಹೋದವರ ಹೆಸರು ಸಂಘದ ಪಟ್ಟಿಯಲ್ಲಿ ಇರುವಂತಿಲ್ಲ, ತೆಗೆಯಲೇ ಎಂದು ಕೇಳಿದಳು. ಸರೋಜ ಒಳಕೋಣೆಯ ಕಡೆ ಒಮ್ಮೆ ನೋಡಿದಳು. "ತೆಗಿನಿ. ಅವ ಒಬ್ಬನೇ ಇಪ್ಪತಿಗೆ ಎಲ್ಲಾದ್ರೂ ಬರ್ದಿಡ್ಕ್ ಅನ್ಸತಿತ್ತ್. ಇನ್ನ್ ಎಂತಕೆ?"

ಶುಕ್ರವಾರ ಬೆಳಿಗ್ಗೆ ಪದ್ದು ಕಣ್ಣು ಮುಚ್ಚಿ ನೆನೆದು, ಸ್ವಿಚ್ ಹಾಕಿ ಕೂತಳು. ಗಂಗೊಳ್ಳಿಯ ಮನೆಯಿಂದ ರತೀಶನ ಸಾಲನ್ನು ತೆಗೆದು, ಒಟ್ಟು ಐದು ಎಂದು ಬರೆದಳು. ಆಮೇಲೆ ತನ್ನ ಮನೆಯ ಪುಟ ತೆರೆದಳು.

ಚೇತನಾ ಚೀಲ ಇಳಿಸುತ್ತ ಕೇಳಿದಳು, "ನಿನ್ನೆ ಎಲ್ಲಿಗ್ ಹೋಯ್ದ್ರಿ ಪದ್ದಕ್ಕ? ಮುಡೀಲಿ ಹೂ ಇನ್ನೂ ಬಾಡ್ಲಿಲ್ಲೆ. ಎಂತ ವಿಶೇಷ?"

"ಮಗ್ಳ ಮದಿ."

"ಹೋಯ್ನಿ ಮರಾಯ್ತಿ! ಚಂದನಾ ಇನ್ನೂ ಶಾಲಿ ಚೀಲ ಹೊರ್ತಿತ್ತ್."

"ಚಂದನಾಂದಲ್ಲ. ದೊಡ್ಡವ್ಳದ್ದ್."

ಚೇತನಾಳ ಬಾಯಲ್ಲಿದ್ದ ನಗೆ ಅಲ್ಲೇ ನಿಂತಿತು. ಪದ್ದುವಿನ ಮುಖ, ಪರದೆ, ಮತ್ತೆ ಪದ್ದುವಿನ ಮುಖ ನೋಡಿದಳು. ಕೇಳಬೇಕೋ ಬೇಡವೋ ಎಂದು ತಿಳಿಯದೆ, ಕೊನೆಗೆ ಸಣ್ಣ ದನಿಯಲ್ಲಿ, "ಎಲ್ಲಿಗ್ ಕೊಟ್ರಿ?" ಎಂದಳು.

"ಗಂಗೊಳ್ಳಿಗೆ," ಎಂದಳು ಪದ್ದು. ಐದನ್ನು ತೆಗೆದು ನಾಲ್ಕು ಎಂದು ಒತ್ತಿ, ಸೇವ್ ಮಾಡಿದಳು.